ಗೊಂಬೆಯ ಪೆಟ್ಟಿಗೆಯಲ್ಲಿ ಅನ್ಯಗ್ರಹದ ವೀರ

ನವರಾತ್ರಿ ಸಮೀಪಿಸಿತೆಂದರೆ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಗೊಂಬೆಯ ಪೆಟ್ಟಿಗೆ ಕೆಳಗಿಳಿಯುತ್ತದೆ. ನಂಜನಗೂಡಿನ ಒಂದು ಮನೆಯಲ್ಲಿ ಅಂತಹ ಪೆಟ್ಟಿಗೆಯನ್ನು ಬಿಚ್ಚುತ್ತಿದ್ದಾರೆಂದು ಭಾವಿಸೋಣ. ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆಗಳು, ಮಣ್ಣಿನ ಶೆಟ್ಟಿ, ಶೆಟ್ಟಿಗಿತ್ತಿ, ಅವರ ಅಂಗಡಿಯ ಪುಟ್ಟ ತಕ್ಕಡಿ, ಇವೆಲ್ಲ ಒಂದೊಂದಾಗಿ ಹೊರಬಂದ ಮೇಲೆ ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಮೂರ್ತಿ ದೊರೆಯುತ್ತದೆ. ಗೇಣಿಗಿಂತ ಕಡಿಮೆ ಎತ್ತರ, ಉಬ್ಬಿದ ತೋಳು, ಹಳದಿಯ ಕೂದಲು, ಎದೆಯ ಮೇಲೆ ಬೂದುಬಣ್ಣದ ಕವಚ. ಇದು ಪುರಾಣದ ವೀರನಲ್ಲ, ಅನ್ಯಗ್ರಹದ ವೀರ. ಮನೆಯ ಯಜಮಾನರು ಬಾಲಕರಾಗಿದ್ದಾಗ ಗೊಂಬೆಯ ಸಾಲಿನ ಕೆಳಮೆಟ್ಟಿಲಿನ ಉದ್ಯಾನದಲ್ಲಿ ನಿಲ್ಲಿಸುತ್ತಿದ್ದ ಪ್ಲಾಸ್ಟಿಕ್ ಆಟಿಕೆ.

ಕಾಲೇಜಿನಲ್ಲಿ ಓದುತ್ತಿರುವ ಮಗನು ಅದನ್ನು ಕಂಡೊಡನೆ, “ಇಂತಹ ಹಳೆಯ ಬೊಂಬೆಗಳು ಲಕ್ಷಗಟ್ಟಲೆ ಬೆಲೆಗೆ ಹೋಗುತ್ತವಂತೆ” ಎನ್ನುತ್ತಾನೆ. ಅವನ ಸೋದರತ್ತೆಯಾದರೋ, “ಅದೆಲ್ಲ ಆಮೇಲೆ ಕಣೋ, ಮೊದಲು ಹಲ್ಲುಪುಡಿ ಹಾಕಿ ಚೆನ್ನಾಗಿ ಉಜ್ಜು, ಹೊಸದರ ಹಾಗೆ ಹೊಳೆಯುತ್ತೆ” ಎನ್ನುತ್ತಾಳೆ. ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸತ್ಯವುಂಟು, ಹೆಚ್ಚಿನ ಅಪಾಯವೂ ಉಂಟು. ಆ ಬೊಂಬೆಯ ಬೆಲೆಯನ್ನು ನಿರ್ಣಯಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಅಂಗಡಿಯವನಿಗಿಂತ ಮೊದಲು ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ಪ್ರಾಕ್ತನಶಾಸ್ತ್ರಗಳೇ ಹೇಳಬಲ್ಲವು.

ಯಾರು ಈ ವೀರ?

ಅಮೆರಿಕದ ಮ್ಯಾಟೆಲ್ ಸಂಸ್ಥೆ 1982ರಲ್ಲಿ ‘ಮಾಸ್ಟರ್ಸ್ ಆಫ್ ದಿ ಯೂನಿವರ್ಸ್’ ಎಂಬ ಆಟಿಕೆಗಳ ಮಾಲೆಯನ್ನು ಮಾರುಕಟ್ಟೆಗೆ ತಂದಿತು. ಅದರ ನಾಯಕನೇ ಹೀ-ಮ್ಯಾನ್. ಎಟರ್ನಿಯಾ ಎಂಬ ಕಲ್ಪಿತ ಗ್ರಹದಲ್ಲಿ ಕತ್ತಿಯೂ ಕಿರಣಾಸ್ತ್ರವೂ ಒಟ್ಟಿಗೆ ಇರುವ ವಿಚಿತ್ರ ಲೋಕ ಅವನದು. 1983ರಲ್ಲಿ ಅವನ ವ್ಯಂಗ್ಯಚಿತ್ರಮಾಲೆ ಪ್ರಸಾರವಾಯಿತು. ಮುಂದೆ ನಮ್ಮ ದೂರದರ್ಶನದಲ್ಲಿಯೂ ಅದು ಬಂದು ಮಕ್ಕಳ ಮನಸ್ಸನ್ನು ಸೆಳೆಯಿತು. ಮ್ಯಾಟೆಲ್‌ನ ಬೊಂಬೆಗಳು 1980ರ ದಶಕದಲ್ಲಿ ‘ಲಿಯೋ’ ಎಂಬ ಹೆಸರಿನೊಡನೆ ಭಾರತದ ಅಂಗಡಿಗಳಲ್ಲಿ ಮಾರಾಟವಾದುವು. ಎಂ.ಆರ್.ಎಫ್. ಮತ್ತು ಅಮೆರಿಕದ ಹ್ಯಾಸ್ಬ್ರೋ ಸಂಸ್ಥೆಗಳು ಕೂಡಿ 1987ರಲ್ಲಿ ಸ್ಥಾಪಿಸಿದ ಫನ್‌ಸ್ಕೂಲ್, ಜಿ.ಐ. ಜೋ ಎಂಬ ಯೋಧರ ಮಾಲೆಯನ್ನು ಇಲ್ಲಿಯೇ ತಯಾರಿಸಿತು. ಕೈಕಾಲುಗಳನ್ನು ಆಡಿಸಬಹುದಾದ ಇಂತಹ ಬೊಂಬೆಗಳಿಗೆ ‘ಆಕ್ಷನ್ ಫಿಗರ್’ ಎಂಬ ಹೆಸರು ಸಂಗ್ರಾಹಕರಲ್ಲಿ ರೂಢಿಯಾಗಿದೆ.

ಬೆಲೆ ಎಲ್ಲಿಂದ ಬರುತ್ತದೆ?

ಹಳೆಯದಾದ ಮಾತ್ರಕ್ಕೆ ಯಾವ ವಸ್ತುವೂ ಬೆಲೆಯುಳ್ಳದ್ದಾಗುವುದಿಲ್ಲ. ಹಾಗಾಗುವಂತಿದ್ದರೆ ಕಪಿಲಾ ನದಿಯ ದಡದ ಪ್ರತಿಯೊಂದು ಕಲ್ಲೂ ನಮ್ಮನ್ನು ಶ್ರೀಮಂತರನ್ನಾಗಿ ಮಾಡುತ್ತಿತ್ತು. ಬೆಲೆ ಹುಟ್ಟಬೇಕಾದರೆ ಅಪೇಕ್ಷಿಸುವವರು ಹಲವರಿರಬೇಕು, ಉಳಿದಿರುವ ವಸ್ತು ಕೆಲವೇ ಆಗಿರಬೇಕು. ಹೀ-ಮ್ಯಾನ್ ಬೊಂಬೆಗಳು ಬಹಳ ದೊಡ್ಡ ಸಂಖ್ಯೆಯಲ್ಲಿ ತಯಾರಾದುವು. ಆದುದರಿಂದ ಕತ್ತಿ ಕಳೆದ, ಬಣ್ಣ ಹೋದ ಬೊಂಬೆಗೆ ಹೆಚ್ಚಿನ ಬೆಲೆ ಇಲ್ಲ. ಮಕ್ಕಳು ಆಡಿದ ಆಟಿಕೆಗಳಲ್ಲಿ ಮುರಿಯದೆ, ಕಳೆಯದೆ, ಎಲ್ಲ ಸಾಮಗ್ರಿಗಳೊಡನೆ ಉಳಿದುವು ಕಡಿಮೆ. ಅಂಗಡಿಯ ರಟ್ಟಿನ ಹೊದಿಕೆಯನ್ನು ಬಿಚ್ಚದೆ ಉಳಿದುವು ಇನ್ನೂ ಕಡಿಮೆ.

ಪತ್ರಿಕೆಗಳಲ್ಲಿ ಕಾಣುವ ಲಕ್ಷಗಟ್ಟಲೆಯ ಬೆಲೆಗೆ ಬೇರೆಯೇ ಕಾರಣಗಳಿರುತ್ತವೆ. ಒಂದು ಉದಾಹರಣೆಯನ್ನು ನೋಡೋಣ. 1977ರಲ್ಲಿ ‘ಸ್ಟಾರ್ ವಾರ್ಸ್’ ಚಿತ್ರ ತೆರೆಗೆ ಬಂದಿತು. ಅದರ ಪಾತ್ರಗಳ ಬೊಂಬೆಗಳನ್ನು ಕೆನ್ನರ್ ಎಂಬ ಸಂಸ್ಥೆ ತಯಾರಿಸಿತು. ಆ ಬೊಂಬೆಗಳ ಮಾಲೆಗೆ ಸೇರಬೇಕಾಗಿದ್ದ ಬೋಬಾ ಫೆಟ್ ಎಂಬಾತನ ಬೆನ್ನಿನಿಂದ ನಿಜವಾಗಿಯೂ ಹಾರುವ ಪುಟ್ಟ ರಾಕೆಟ್ಟನ್ನು ಕೊಡಬೇಕೆಂದು ಯೋಜನೆಯಿತ್ತು. ಅಷ್ಟರಲ್ಲಿ ಬೇರೊಂದು ಆಟಿಕೆಯ ಕ್ಷಿಪಣಿ ಗಂಟಲಿಗೆ ಸಿಕ್ಕಿ ಮಗುವೊಂದು ಮೃತಪಟ್ಟಿತು. ಹಾರುವ ರಾಕೆಟ್ಟಿನ ಯೋಜನೆಯನ್ನು ಕೈಬಿಟ್ಟರು. ಮಾರಾಟಕ್ಕೆ ಬಾರದ, ಪರೀಕ್ಷೆಗಾಗಿ ಮಾಡಿದ ಕೆಲವು ಮಾದರಿಗಳು ಮಾತ್ರ ಉಳಿದುವು. ಅಂತಹ ಒಂದು ಮಾದರಿ 2024ರ ಹರಾಜಿನಲ್ಲಿ ಐದು ಲಕ್ಷ ಡಾಲರುಗಳಿಗೂ ಮಿಕ್ಕಿದ ಬೆಲೆಗೆ ಹೋಯಿತು. ಅಂಗಡಿಯಲ್ಲಿ ಕೊಂಡ ಬೊಂಬೆಯನ್ನು ಇದರೊಡನೆ ಹೋಲಿಸುವುದು ತಕ್ಕುದಲ್ಲ.

ಅದೇ ಮಾಲೆಯ ಜಾವಾ ಎಂಬ ಕುಳ್ಳ ಪಾತ್ರದ ಕಥೆ ಇನ್ನೂ ಬೋಧಪ್ರದವಾದುದು. ಮೊದಲಿಗೆ ಅದಕ್ಕೆ ತೆಳುವಾದ ವಿನೈಲ್ ಮೇಲಂಗಿಯಿತ್ತು. ಬೇಗನೆ ಅದನ್ನು ಬಿಟ್ಟು ಬಟ್ಟೆಯ ಅಂಗಿಯನ್ನು ತೊಡಿಸಿದರು. ಇಂದು ಬಟ್ಟೆಯ ಅಂಗಿಯ ಜಾವಾ ಸಾಮಾನ್ಯ, ವಿನೈಲ್ ಅಂಗಿಯದು ದುರ್ಲಭ. ಆದ್ದರಿಂದಲೇ ಮೋಸಗಾರರು ಬೇರೊಂದು ಬೊಂಬೆಯ ವಿನೈಲ್ ಅಂಗಿಯನ್ನು ಕತ್ತರಿಸಿ ಜಾವಾಕ್ಕೆ ತೊಡಿಸುವುದುಂಟು. ಬೊಂಬೆ ಅದೇ, ಕಾಲವೂ ಅದೇ. ಒಂದು ತುಂಡು ವಿನೈಲ್ ನಿಜವೋ ಸುಳ್ಳೋ ಎಂಬುದರ ಮೇಲೆ ಬೆಲೆಯೆಲ್ಲ ನಿಂತಿದೆ. ಸಂಗ್ರಾಹಕನು ಹಣ ಕೊಡುವುದು ಪ್ಲಾಸ್ಟಿಕ್ಕಿಗಲ್ಲ, ಸಾಕ್ಷ್ಯಕ್ಕೆ.

ಸಂಗಮದ ದಡದಲ್ಲಿ ಒಂದು ಪಾಠ

ಸಾಕ್ಷ್ಯವೆಂದರೇನೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಂಜನಗೂಡಿನಿಂದ ಕಪಿಲೆಯ ಹರಿವನ್ನೇ ಹಿಡಿದು ನಡೆದರೆ ಅವಳು ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರಕ್ಕೆ ಬರುತ್ತೇವೆ. ಅಲ್ಲಿ 1960ರ ಆಸುಪಾಸಿನಲ್ಲಿ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಡೆದ ಉತ್ಖನನಗಳಲ್ಲಿ ನವಶಿಲಾಯುಗದ ಜನರ ನೆಲೆ ಬೆಳಕಿಗೆ ಬಂದಿತು. ದೊರೆತ ವಸ್ತುಗಳಲ್ಲಿ ಸುಟ್ಟ ಮಣ್ಣಿನ ತಲೆದಿಂಬುಗಳೂ ಇದ್ದುವು. ಅಂತಹ ಒಂದು ವಸ್ತುವನ್ನು ಯಾರೋ ಅಗೆದು ತೆಗೆದು, ತೊಳೆದು, ಬಣ್ಣ ಬಳಿದು ಸಂತೆಯಲ್ಲಿ ಇಟ್ಟಿದ್ದರೆ ಅದು ಅರ್ಥವಾಗದ ಮಣ್ಣಿನ ಗಟ್ಟಿಯಾಗುತ್ತಿತ್ತು. ಯಾವ ಪದರದಲ್ಲಿ, ಯಾವ ವಸ್ತುಗಳ ಪಕ್ಕದಲ್ಲಿ, ಎಷ್ಟು ಆಳದಲ್ಲಿ ದೊರೆಯಿತೆಂಬ ದಾಖಲೆಯಿಂದಲೇ ಅದು ಸಾವಿರಾರು ವರ್ಷಗಳ ಹಿಂದಿನ ಜನಜೀವನಕ್ಕೆ ಸಾಕ್ಷಿಯಾಯಿತು.

ಅದೇ ತಾಲ್ಲೂಕಿನ ಸೋಮನಾಥಪುರಕ್ಕೆ ಹೋದರೆ ಇನ್ನೊಂದು ಪಾಠವಿದೆ. 13ನೆಯ ಶತಮಾನದ ಕೇಶವ ದೇವಾಲಯದ ಹಲವು ವಿಗ್ರಹಗಳ ಕೆಳಗೆ ಅವನ್ನು ಕಡೆದ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ. ವಿದ್ವಾಂಸರು ಆ ಹೆಸರನ್ನು ಓದುವುದಷ್ಟೇ ಅಲ್ಲ, ಕೆತ್ತನೆಯ ರೀತಿಯನ್ನೂ ನೋಡಿ ಒಂದರಿಂದ ಇನ್ನೊಂದನ್ನು ಪರೀಕ್ಷಿಸುತ್ತಾರೆ. ಪ್ಲಾಸ್ಟಿಕ್ ಬೊಂಬೆಯ ಮೇಲೆಯೂ ಇಂತಹ ಅಂಕಿತವುಂಟು. ಅದನ್ನೂ ಹೀಗೆಯೇ ಓದಬೇಕು.

ಬೆನ್ನಿನ ಮೇಲಿನ ಇಸವಿ

ಹೀ-ಮ್ಯಾನ್ ಬೊಂಬೆಯ ಬೆನ್ನನ್ನು ಭೂತಗನ್ನಡಿಯಿಂದ ನೋಡಿದರೆ ಸಂಸ್ಥೆಯ ಹೆಸರು, 1981 ಎಂಬ ಇಸವಿ, ಅನೇಕ ವೇಳೆ ತಯಾರಿಸಿದ ದೇಶದ ಹೆಸರು ಕಾಣುತ್ತವೆ. ಬೊಂಬೆ 1981ರಲ್ಲಿಯೇ ತಯಾರಾಯಿತೆಂದು ಇದರಿಂದ ನಿರ್ಣಯಿಸುವುದು ಹೊಸಬರು ಮಾಡುವ ಮೊದಲ ತಪ್ಪು. ಅದು ಆ ರೂಪದ ಹಕ್ಕನ್ನು ಸಂಸ್ಥೆ ಪಡೆದ ಇಸವಿ, ಬೊಂಬೆ ಅಚ್ಚಿನಿಂದ ಹೊರಬಂದ ಇಸವಿಯಲ್ಲ. ಒಂದೇ ಅಚ್ಚು ಹಲವು ವರ್ಷ, ಕೆಲವೊಮ್ಮೆ ಹಲವು ದೇಶಗಳಲ್ಲಿ ದುಡಿಯುತ್ತದೆ. ಪುಸ್ತಕದ ಮೊದಲ ಮುದ್ರಣದ ಇಸವಿಯನ್ನು ನೋಡಿ ಕೈಯಲ್ಲಿರುವ ಪ್ರತಿಯೂ ಅದೇ ವರ್ಷದ್ದೆನ್ನುವಂತೆ ಇದು.

ಅಕ್ಷರಗಳು ಎಷ್ಟು ಸ್ಫುಟವಾಗಿವೆಯೆಂಬುದನ್ನೂ ಗಮನಿಸಬೇಕು. ನಿಜವಾದ ಬೊಂಬೆಯನ್ನೇ ಮಾದರಿಯಾಗಿಟ್ಟು ಅದರಿಂದ ಇನ್ನೊಂದು ಅಚ್ಚು ತೆಗೆದು ನಕಲು ಮಾಡಿದಾಗ ಅಕ್ಷರಗಳ ಅಂಚು ಮೊಂಡಾಗುತ್ತದೆ. ಎರಕ ಹೊಯ್ದ ವಸ್ತು ಆರಿ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುವುದರಿಂದ ನಕಲು ಮೂಲಕ್ಕಿಂತ ಕೊಂಚ ಚಿಕ್ಕದಾಗುವುದೂ ಉಂಟು. ರಟ್ಟಿನ ಹೊದಿಕೆ ಇದ್ದರೆ ಅದನ್ನೂ ಭೂತಗನ್ನಡಿಯಲ್ಲಿ ನೋಡಿರಿ. ಆ ಕಾಲದ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚುಕ್ಕೆಗಳು ಪುಟ್ಟ ಹೂವಿನಂತೆ ಕ್ರಮವಾಗಿ ಜೋಡಿಸಿರುತ್ತವೆ. ಇಂದಿನ ಮನೆಯ ಮುದ್ರಣಯಂತ್ರದಿಂದ ತೆಗೆದ ನಕಲಿನಲ್ಲಿ ಶಾಯಿಯ ಕಣಗಳು ಕ್ರಮವಿಲ್ಲದೆ ಚೆಲ್ಲಿರುವುದು ಸಾಮಾನ್ಯ.

ನೀರು, ಉಪ್ಪುನೀರು, ಸಾಂದ್ರತೆ

ಹೀ-ಮ್ಯಾನ್‌ಗೆ ಕತ್ತಿ, ಕೊಡಲಿ, ಗುರಾಣಿ ಮತ್ತು ಎದೆಯ ಕವಚ, ಇವು ಜೊತೆಗೆ ಬಂದ ಸಾಮಗ್ರಿಗಳು. ಮಕ್ಕಳ ಕೈಯಲ್ಲಿ ಮೊದಲು ಕಳೆಯುವುವೂ ಇವೇ. ಆದ್ದರಿಂದ ಹಳೆಯ ಬೊಂಬೆಗೆ ಹೊಸದಾಗಿ ಮಾಡಿದ ಕತ್ತಿಯನ್ನು ಸೇರಿಸಿ ಪರಿಪೂರ್ಣವೆಂದು ಮಾರುವವರಿದ್ದಾರೆ. ಇಂತಹ ಬಿಡಿಭಾಗಗಳನ್ನು ಪರೀಕ್ಷಿಸಲು ಆರ್ಕಿಮಿಡೀಸನ ತತ್ತ್ವ ಸಹಾಯಕ್ಕೆ ಬರುತ್ತದೆ.

ಪಾಲಿಪ್ರೊಪಿಲೀನ್ ಮತ್ತು ಪಾಲಿಎಥಿಲೀನ್ ಪ್ಲಾಸ್ಟಿಕ್ಕುಗಳ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.90ರಿಂದ 0.97 ಗ್ರಾಂ. ನೀರಿನದು 1. ಆದ್ದರಿಂದ ಇವು ತೇಲುತ್ತವೆ. ಪಾಲಿಸ್ಟೈರೀನ್ ಮತ್ತು ಎ.ಬಿ.ಎಸ್. ಪ್ಲಾಸ್ಟಿಕ್ಕುಗಳದು ಸುಮಾರು 1.05, ಇವು ನೀರಿನಲ್ಲಿ ಮುಳುಗುತ್ತವೆ, ಆದರೆ ಸುಮಾರು 1.2 ಸಾಂದ್ರತೆಯಿರುವ ಸಂತೃಪ್ತ ಉಪ್ಪುನೀರಿನಲ್ಲಿ ತೇಲುತ್ತವೆ. ಮೆದುವಾದ ಪಿ.ವಿ.ಸಿ. ಸಾಮಾನ್ಯವಾಗಿ 1.2ಕ್ಕಿಂತ ಭಾರವಾಗಿದ್ದು ಎರಡರಲ್ಲಿಯೂ ಮುಳುಗುತ್ತದೆ. 100 ಮಿಲಿಲೀಟರ್ ನೀರಿಗೆ ಸುಮಾರು 36 ಗ್ರಾಂ ಅಡಿಗೆಯ ಉಪ್ಪನ್ನು ಕರಗಿಸಿದರೆ ಪರೀಕ್ಷೆಯ ದ್ರವ ಸಿದ್ಧ. ಮೊದಲು ಸೀಸೆಯ ಪ್ಲಾಸ್ಟಿಕ್ ಮುಚ್ಚಳ, ಮುರಿದ ಬಾಲ್‌ಪೆನ್ನಿನ ಗಡುಸಾದ ಪಾರದರ್ಶಕ ಕೊಳವೆ, ವಿದ್ಯುತ್ ತಂತಿಯಿಂದ ಸುಲಿದ ಹೊದಿಕೆ, ಇವುಗಳ ಚೂರುಗಳನ್ನು ಹಾಕಿ ಅಭ್ಯಾಸ ಮಾಡಿರಿ. ಅಂಟಿಕೊಂಡ ಗಾಳಿಗುಳ್ಳೆಗಳನ್ನು ಕಡ್ಡಿಯಿಂದ ಬಿಡಿಸುವುದನ್ನು ಮರೆಯಬಾರದು.

ಮೂಲದ ಕತ್ತಿಯೆಂದು ನಿಶ್ಚಿತವಾಗಿ ತಿಳಿದ ಒಂದರ ಜೊತೆಯಲ್ಲಿ ಹೋಲಿಸಿದಾಗ ಮಾತ್ರ ಈ ಪರೀಕ್ಷೆಗೆ ಅರ್ಥವಿದೆ. ಮೂಲವು ತೇಲಿ ನಿಮ್ಮದು ಮುಳುಗಿದರೆ ಸಂಶಯಕ್ಕೆ ಕಾರಣವುಂಟು; ಎರಡೂ ತೇಲಿದರೆ ಸತ್ಯವು ಸಿದ್ಧವಾಯಿತೆಂದು ಹೇಳುವಂತಿಲ್ಲ. ನಕಲು ಮಾಡುವವನೂ ತೇಲುವ ಪ್ಲಾಸ್ಟಿಕ್ಕನ್ನು ಬಳಸಬಹುದಲ್ಲವೆ? ಬೊಂಬೆಯನ್ನೇ ನೀರಿಗೆ ಹಾಕಕೂಡದು. ಕೀಲುಗಳ ಸಂದಿನಲ್ಲಿ ಇಳಿದ ನೀರು ಸುಲಭವಾಗಿ ಹೊರಬರುವುದಿಲ್ಲ. ಕಾದ ಸೂಜಿಯನ್ನು ಚುಚ್ಚಿ ನೋಡುವ ಪದ್ಧತಿಯಂತೂ ಸರ್ವಥಾ ವರ್ಜ್ಯ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಅನೇಕ ಬೊಂಬೆಗಳು ಸೆಲ್ಯುಲಾಯ್ಡಿನವು. ನೈಟ್ರೋಸೆಲ್ಯುಲೋಸಿಗೆ ಕರ್ಪೂರವನ್ನು ಬೆರೆಸಿ ಮಾಡಿದ ಆ ಪದಾರ್ಥ ಕ್ಷಣದಲ್ಲಿ ಭುಗಿಲ್ಲೆಂದು ಉರಿಯುತ್ತದೆ.

ಪ್ಲಾಸ್ಟಿಕ್ಕಿಗೂ ಮುಪ್ಪುಂಟು

ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಆದ್ದರಿಂದ ಅದು ಕೆಡುವುದೂ ಇಲ್ಲವೆಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಪೆಟ್ಟಿಗೆಯಿಂದ ತೆಗೆದ ಬೊಂಬೆಯ ಮೆದುವಾದ ಭಾಗ ಕೈಗೆ ಜಿಗುಟಾಗಿ ಅಂಟಿದರೆ ಅದು ಕೊಳೆಯೆಂದು ಭಾವಿಸಬೇಡಿ. ಪಿ.ವಿ.ಸಿ. ಸ್ವಭಾವತಃ ಗಡುಸಾದುದು. ಅದನ್ನು ಮೆತ್ತಗಾಗಿಸಲು ಎಣ್ಣೆಯಂತಹ ಮೃದುಕಾರಿಗಳನ್ನು ಬೆರೆಸುತ್ತಾರೆ. ತೂಕದಲ್ಲಿ ಮೂರನೆಯ ಒಂದು ಪಾಲಿನಷ್ಟು ಇರುವುದೂ ಅಪರೂಪವಲ್ಲ. ಈ ಮೃದುಕಾರಿಯ ಅಣುಗಳು ಪಿ.ವಿ.ಸಿ.ಯ ಉದ್ದವಾದ ಸರಪಳಿಗಳಿಗೆ ರಾಸಾಯನಿಕ ಬಂಧದಿಂದ ಕಟ್ಟಲ್ಪಟ್ಟಿಲ್ಲ, ನಡುವೆ ಸೇರಿಕೊಂಡಿವೆ ಅಷ್ಟೆ. ವರ್ಷಗಳು ಕಳೆದಂತೆ ಅವು ಮೇಲ್ಮೈಗೆ ಬಂದು ಬೆವರಿನಂತೆ ನಿಲ್ಲುತ್ತವೆ. ಅಂಟಿಗೆ ಧೂಳು ಹಿಡಿಯುತ್ತದೆ, ಒಳಭಾಗ ಕ್ರಮೇಣ ಬಿರುಸಾಗುತ್ತದೆ.

ಶಾಖ ಮತ್ತು ಬೆಳಕಿನಿಂದ ಪಿ.ವಿ.ಸಿ.ಯು ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಟ್ಟುಕೊಟ್ಟು ಹಳದಿ, ಕಂದು ಬಣ್ಣಗಳಿಗೆ ತಿರುಗುತ್ತದೆ. ಎ.ಬಿ.ಎಸ್. ಪ್ಲಾಸ್ಟಿಕ್ಕಿನಲ್ಲಿರುವ ಬ್ಯುಟಡೈಯೀನ್ ಎಂಬ ರಬ್ಬರಿನ ಅಂಶ ನೇರಳಾತೀತ ಕಿರಣ ಮತ್ತು ಗಾಳಿಯ ಆಮ್ಲಜನಕದಿಂದ ಉತ್ಕರ್ಷಣ ಹೊಂದಿ ಹಳದಿಯಾಗುತ್ತದೆ. ಹೀ-ಮ್ಯಾನ್‌ನ ಕಾಲುಗಳನ್ನು ಒಳಗಿನಿಂದ ಹಿಡಿದಿರುವುದು ರಬ್ಬರು, ಜಿ.ಐ. ಜೋ ಬೊಂಬೆಯ ಸೊಂಟವನ್ನು ಹಿಡಿದಿರುವುದೂ ಒಂದು ರಬ್ಬರಿನ ಉಂಗುರವೇ. ರಬ್ಬರು ಸಡಿಲಿದರೆ ವೀರನು ನಿಲ್ಲಲಾರ. ಹೀ-ಮ್ಯಾನ್‌ನ ಸೊಂಟವನ್ನು ತಿರುಗಿಸಿ ಬಿಟ್ಟರೆ ಒಳಗಿನ ಸ್ಪ್ರಿಂಗಿನಿಂದ ಅದು ಹಿಂದಕ್ಕೆ ಹೊರಳಿ ಗುದ್ದು ಹಾಕುವಂತೆ ತೋರಬೇಕು. ಬೊಂಬೆಯನ್ನು ಕೊಳ್ಳುವವನು ಮೊದಲು ನೋಡುವುದು ಈ ಎರಡನ್ನೇ.

ಈ ಕ್ರಿಯೆಗಳ ವೇಗವನ್ನು ನಿರ್ಧರಿಸುವುದರಲ್ಲಿ ಉಷ್ಣತೆಗೆ ದೊಡ್ಡ ಪಾಲಿದೆ. ಉಷ್ಣತೆ 10 ಸೆಂಟಿಗ್ರೇಡ್ ಡಿಗ್ರಿ ಹೆಚ್ಚಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆಂಬುದು ಸ್ಥೂಲವಾದ ನಿಯಮ. ಕೆಳಗಿನ ಕೋಣೆಗಿಂತ ಹೆಂಚಿನಡಿಯ ಅಟ್ಟ 10 ಡಿಗ್ರಿ ಬಿಸಿಯಾಗಿದ್ದರೆ, ಅಲ್ಲಿ ಕಳೆದ ಇಪ್ಪತ್ತು ಬೇಸಗೆಗಳು ಕೋಣೆಯ ನಲವತ್ತು ಬೇಸಗೆಗಳಿಗೆ ಸಮ!

ಪೆಟ್ಟಿಗೆಯೊಳಗಿನ ಶತ್ರು

ಗೊಂಬೆಯ ಪೆಟ್ಟಿಗೆಯಲ್ಲಿ ಹುಳುವಿನ ಬಾಧೆ ತಪ್ಪಿಸಲು ನುಸಿಗುಳಿಗೆಯನ್ನೋ ಕರ್ಪೂರವನ್ನೋ ಹಾಕುವುದು ರೂಢಿ. ಮರದ ಪಟ್ಟದ ಗೊಂಬೆಗೂ ಅದರ ರೇಷ್ಮೆಯ ಉಡುಪಿಗೂ ರಕ್ಷಣೆಯೆಂದು ಮಾಡುವ ಈ ಏರ್ಪಾಡು ಪ್ಲಾಸ್ಟಿಕ್ಕಿಗೆ ಶತ್ರುವಾಗಬಲ್ಲದು. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ದ್ರವವಾಗದೆ ನೇರವಾಗಿ ಆವಿಯಾಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ಪಾಲಿಸ್ಟೈರೀನಿನಂತಹ ಪ್ಲಾಸ್ಟಿಕ್ಕಿನೊಳಕ್ಕೆ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾದ ಮೈಯಲ್ಲಿ ಸುತ್ತಿದ ಬಟ್ಟೆಯ ನೂಲಿನ ಗುರುತು ಒತ್ತಿ ನಿಲ್ಲಬಹುದು. ಕರ್ಪೂರದ ಸ್ವಭಾವವೂ ಇದೇ. ನೈಟ್ರೋಸೆಲ್ಯುಲೋಸನ್ನು ಮೆತ್ತಗಾಗಿಸಿ ಸೆಲ್ಯುಲಾಯ್ಡ್ ಮಾಡಲು ಅದನ್ನು ಬಳಸಿದುದು ಈ ಗುಣಕ್ಕಾಗಿಯೇ. ಮರದ ಗೊಂಬೆ ಮತ್ತು ಪ್ಲಾಸ್ಟಿಕ್ ಬೊಂಬೆ ಮೆಟ್ಟಿಲುಗಳ ಮೇಲೆ ಒಟ್ಟಿಗೆ ನಿಲ್ಲಬಹುದು, ಪೆಟ್ಟಿಗೆಯಲ್ಲಿ ಒಟ್ಟಿಗೆ ಮಲಗಬಾರದು.

ಮೆತ್ತನೆಯ ಪಿ.ವಿ.ಸಿ.ಯನ್ನು ಗಡುಸಾದ ಪ್ಲಾಸ್ಟಿಕ್ಕಿಗೆ ತಾಗಿಸಿ ಇಡುವುದೂ ತಪ್ಪು. ಮೃದುಕಾರಿಯು ಒಂದರಿಂದ ಇನ್ನೊಂದಕ್ಕೆ ಹರಿದು ಎರಡನ್ನೂ ಕೆಡಿಸುತ್ತದೆ. ಅದೇ ಕಾರಣಕ್ಕೆ ಪಾಲಿಎಥಿಲೀನ್ ಚೀಲದಲ್ಲಿ ಪಿ.ವಿ.ಸಿ. ಬೊಂಬೆಯನ್ನು ಬಿಗಿದಿಡುವುದು ಒಳ್ಳೆಯದಲ್ಲ. ಚೀಲವೇ ಮೃದುಕಾರಿಯನ್ನು ಹೀರುತ್ತದೆ. ಬೊಂಬೆಗಳನ್ನು ಒಂದಕ್ಕೊಂದು ತಾಗದಂತೆ, ತಂಪಾದ, ಕತ್ತಲೆಯ, ಹೆಚ್ಚು ತೇವವಿಲ್ಲದ ಸ್ಥಳದಲ್ಲಿ ಇಡಬೇಕು. ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿದರೆ ಶಾಯಿ ಮೈಗೆ ಅಂಟಬಹುದು.

ಉಜ್ಜಬೇಕೆ, ಬೇಡವೆ?

ಈಗ ಅತ್ತೆಯ ಸಲಹೆಗೆ ಬರೋಣ. ನಂಜನಗೂಡಿನ ಹೆಸರನ್ನು ಮನೆಮನೆಗೆ ಮುಟ್ಟಿಸಿದ ಹಲ್ಲುಪುಡಿ ಹಲ್ಲಿಗಾಗಿ ಮಾಡಿದ್ದು, ಬೊಂಬೆಗಾಗಿ ಅಲ್ಲ. ಯಾವ ಪುಡಿಯೇ ಆಗಲಿ, ಉಜ್ಜಿದಾಗ ಅದರ ಸೂಕ್ಷ್ಮ ಕಣಗಳು ಮೆದುವಾದ ಪ್ಲಾಸ್ಟಿಕ್ಕನ್ನು ಗೀರುತ್ತವೆ, ಕಾರ್ಖಾನೆಯಲ್ಲಿ ಬಳಿದ ತೆಳುವಾದ ಬಣ್ಣವನ್ನು ತೆಗೆಯುತ್ತವೆ. ಸೀಮೆಎಣ್ಣೆ, ಸ್ಪಿರಿಟ್ಟು, ಉಗುರಿನ ಬಣ್ಣ ತೆಗೆಯುವ ದ್ರವ, ಇವುಗಳಲ್ಲಿ ಯಾವುದು ಯಾವ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆಂದು ನೋಡಿಯೇ ಹೇಳುವುದು ಕಷ್ಟ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿನಲ್ಲಿಟ್ಟು ಹಳದಿಯನ್ನು ಬಿಳಿಯಾಗಿಸುವ ಉಪಾಯವನ್ನು ಕೆಲವರು ಅನುಸರಿಸುತ್ತಾರೆ. ಹಳದಿ ಮತ್ತೆ ಮರಳುವುದುಂಟು, ಬೊಂಬೆಯ ಮೈ ಮಾತ್ರ ಮೊದಲಿನಂತಾಗುವುದಿಲ್ಲ. ಮೆತ್ತನೆಯ ಒಣ ಕುಂಚದಿಂದ ಧೂಳನ್ನು ತೆಗೆಯುವುದು ಸಾಕು. ಅಗತ್ಯವಾದರೆ ಕಾಣದ ಜಾಗದಲ್ಲಿ, ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಮೊದಲು ಪರೀಕ್ಷಿಸಿ ಮುಂದುವರಿಯಬಹುದು. ಮಾಸಿದ ಬಣ್ಣಕ್ಕೆ ಹೊಸ ಬಣ್ಣ ಬಳಿದರೆ ಬೊಂಬೆಗೆ ಯೌವನ ಬರುವುದಿಲ್ಲ, ಸಾಕ್ಷ್ಯ ಅಳಿಯುತ್ತದೆ.

ಬೆಲೆಯನ್ನು ಕಟ್ಟುವ ಕ್ರಮ

ಸಂಗ್ರಾಹಕರು ಸ್ಥಿತಿಯನ್ನು 1ರಿಂದ 10ರವರೆಗೆ ಅಂಕಗಳಲ್ಲಿ ಹೇಳುವುದು ವಾಡಿಕೆ; ಶುಲ್ಕ ಪಡೆದು 100 ಅಂಕಗಳ ಮಾನದಲ್ಲಿ ದರ್ಜೆ ಕೊಡುವ ಸಂಸ್ಥೆಗಳು ಅಮೆರಿಕದಲ್ಲಿವೆ. ಮನೆಯಲ್ಲಿ ನಾವು ಮಾಡಬೇಕಾದುದು ಇಷ್ಟು: ಮೂಲವೆ ಎಂಬುದನ್ನು ಮೊದಲು, ಪೂರ್ಣವೆ ಎಂಬುದನ್ನು ಅನಂತರ, ಸ್ಥಿತಿ ಹೇಗಿದೆಯೆಂಬುದನ್ನು ಕೊನೆಗೆ ನೋಡಬೇಕು. ಈ ಕ್ರಮ ತಪ್ಪಬಾರದು. ನಕಲಿನ ಸ್ಥಿತಿ ಎಷ್ಟು ಸೊಗಸಾಗಿದ್ದರೇನು? ಬೆಲೆಗಾಗಿ ವಿಚಾರಿಸುವಾಗ ಮಾರುವವರು ಕೇಳುತ್ತಿರುವ ಬೆಲೆಯನ್ನು ನಂಬಬಾರದು. ಅದೇ ಬಗೆಯ, ಅದೇ ಸ್ಥಿತಿಯ ಬೊಂಬೆಗಳು ನಿಜವಾಗಿ ಮಾರಾಟವಾದ ಬೆಲೆಗಳನ್ನು ಹತ್ತಾರು ಸಂಗ್ರಹಿಸಿ, ಏರಿಕೆಯ ಕ್ರಮದಲ್ಲಿ ಬರೆದು, ನಡುವಿನದನ್ನು ತೆಗೆದುಕೊಳ್ಳಬೇಕು. ಒಂದೇ ಒಂದು ಅತಿ ಹೆಚ್ಚಿನ ಬೆಲೆ ಸರಾಸರಿಯನ್ನು ಮೇಲಕ್ಕೆಳೆಯುತ್ತದೆ, ಮಧ್ಯಾಂಕವನ್ನು ಅಷ್ಟು ಸುಲಭವಾಗಿ ಅಲುಗಿಸಲಾರದು.

ಮಾರುವವನ ಕರ್ತವ್ಯವೂ ಇದೆ. ಕತ್ತಿ ಹೊಸದಾಗಿದ್ದರೆ ಹೊಸದೆಂದೇ ಹೇಳಬೇಕು. ರಬ್ಬರು ಬದಲಾಯಿಸಿದ್ದರೆ ಅದನ್ನೂ ತಿಳಿಸಬೇಕು. ಇದರಿಂದ ಬೆಲೆ ತಗ್ಗಬಹುದು, ಆದರೆ ಮಾತಿಗೆ ಬೆಲೆ ಬರುತ್ತದೆ. ಇನ್ನೊಂದು ಎಚ್ಚರಿಕೆ: ಹಳೆಯ ಪ್ಲಾಸ್ಟಿಕ್ ಬೊಂಬೆಯನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿಗೆ ಕೊಡಬಾರದು. ಆಟಿಕೆಗಳಿಗೆ ಸುರಕ್ಷತೆಯ ಗುಣಮಾನ ನಮ್ಮ ದೇಶದಲ್ಲಿ ಕಡ್ಡಾಯವಾದುದು 2021ರ ಜನವರಿಯಿಂದ. ಅದಕ್ಕೆ ಬಹಳ ಮುಂಚಿನ ಬಣ್ಣಗಳಲ್ಲಿ ಸೀಸದಂತಹ ಲೋಹಗಳು ಇರಬಹುದು.

ದಾಖಲೆಯೇ ಸಂಪತ್ತು

ನಂಜನಗೂಡಿನ ಆ ಮನೆಯಲ್ಲಿ ಈಗ ಏನು ಮಾಡಬೇಕು? ಬೊಂಬೆಯನ್ನು ಉಜ್ಜುವ ಮೊದಲು, ಮಾರುವ ಮೊದಲು, ಒಂದು ನೋಟ್‌ಬುಕ್ಕನ್ನು ತೆರೆಯಬೇಕು. ಯಾರು ಯಾರಿಗೆ ಯಾವಾಗ ತಂದುಕೊಟ್ಟರು, ಯಾವ ಊರಿನ ಅಂಗಡಿಯಲ್ಲಿ ಅಥವಾ ಯಾವ ಜಾತ್ರೆಯಲ್ಲಿ ಕೊಂಡರು, ಕೊಡಲಿ ಕಳೆದುದು ಯಾವಾಗ, ಕಾಲಿನ ರಬ್ಬರನ್ನು ಯಾರಾದರೂ ಬದಲಾಯಿಸಿದರೆ, ಇವೆಲ್ಲವನ್ನೂ ಮನೆಯ ಹಿರಿಯರು ನೆನಪಿನಲ್ಲಿಟ್ಟಿರುವಾಗಲೇ ಕೇಳಿ ಬರೆದುಕೊಳ್ಳಬೇಕು. ಹಳೆಯ ಛಾಯಾಚಿತ್ರಗಳ ಆಲ್ಬಮ್ಮಿನಲ್ಲಿ ಆ ಕಾಲದ ನವರಾತ್ರಿಯ ಗೊಂಬೆಯ ಸಾಲು ಇದ್ದು, ಅದರ ಕೆಳಮೆಟ್ಟಿಲಿನಲ್ಲಿ ಈ ವೀರನು ಕತ್ತಿ ಹಿಡಿದು ನಿಂತಿದ್ದರೆ, ಅದಕ್ಕಿಂತ ಉತ್ತಮವಾದ ಪ್ರಮಾಣಪತ್ರ ಬೇರೊಂದಿಲ್ಲ. ಬೊಂಬೆ ಎಂದು ಈ ಮನೆಗೆ ಬಂದಿತ್ತು, ಅಂದು ಅದರ ಕೈಯಲ್ಲಿ ಏನಿತ್ತು ಎಂಬುದನ್ನು ಆ ಚಿತ್ರವೇ ಹೇಳುತ್ತದೆ.

ಲೆಕ್ಕ ಹಾಕಿದ ಮೇಲೆ ಬೆಲೆ ಲಕ್ಷವಾಗದೆ ಕೆಲವು ನೂರು ರೂಪಾಯಿಗಳೇ ಆಗಬಹುದು. ಅದರಿಂದ ಹುಡುಗನಿಗೆ ಸ್ವಲ್ಪ ನಿರಾಶೆಯಾದೀತು. ಆದರೆ ಸಾಂದ್ರತೆಯನ್ನು ಅಳೆದು, ಅಂಕಿತವನ್ನು ಓದಿ, ಹಿರಿಯರ ಮಾತನ್ನು ಚಿತ್ರದೊಡನೆ ಹೋಲಿಸಿ ಒಂದು ನಿರ್ಣಯಕ್ಕೆ ಬರುವ ವಿಧಾನ ಅವನ ಕೈಗೆ ಬಂದಿರುತ್ತದೆ. ಸಂಗಮದ ದಡದಲ್ಲಿ ಮಣ್ಣಿನ ತಲೆದಿಂಬನ್ನು ಪರೀಕ್ಷಿಸಿದವರ ವಿಧಾನವೂ ಇದೇ. ಅದೇ ಪೆಟ್ಟಿಗೆಯಲ್ಲಿರುವ ಪಟ್ಟದ ಗೊಂಬೆಗಳು ವೀರನಿಗಿಂತ ಬಹಳ ಹಳೆಯವು; ಅವುಗಳ ಬಗ್ಗೆ ಒಂದು ಸಾಲನ್ನಾದರೂ ಯಾರಾದರೂ ಬರೆದಿಟ್ಟಿದ್ದಾರೆಯೆ? ಈ ಸಲದ ನವರಾತ್ರಿ ಮುಗಿದು ಗೊಂಬೆಗಳು ಮತ್ತೆ ಪೆಟ್ಟಿಗೆಗೆ ಹೋಗುವ ಮುನ್ನ ಆ ಕೆಲಸವನ್ನು ನಮ್ಮ ತರುಣ ವಾಚಕರು ಕೈಗೊಳ್ಳಬಹುದು.